ಕಾಫಿ ಕಣದಲ್ಲೇ ಕಾರಿನ ವೀಲ್ ಅಲೈನ್‌ಮೆಂಟ್: ಒಂದು ದಾರ, ಒಂದು ಸ್ಕೇಲು, ಎರಡು ಪೈಪು

ಆಯುಧ ಪೂಜೆಯ ಹಿಂದಿನ ದಿನ ಕಾರು ತೊಳೆಯುತ್ತಿದ್ದೆ. ಮುಂದಿನ ಟೈರನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜಿದರೆ ನೂಲು ಕಿತ್ತುಕೊಂಡು ಟೈರಿಗೇ ಅಂಟಿಕೊಂಡಿತು. ಬಟ್ಟೆ ಪಕ್ಕಕ್ಕಿಟ್ಟು ಅಂಗೈಯಲ್ಲಿ ಸವರಿದೆ. ಹೊರಗಡೆಯಿಂದ ಒಳಗಡೆಗೆ ಸವರಿದರೆ ನುಣ್ಣಗಿದೆ. ಒಳಗಿನಿಂದ ಹೊರಗೆ ಎಳೆದರೆ ಗರಗಸದ ಹಲ್ಲಿನ ಹಾಗೆ ಕೈಗೆ ತರಚುತ್ತದೆ. ಬಲಗಡೆಯ ಟೈರಿನದೂ ಅದೇ ಕಥೆ. ಹಾಕಿಸಿ ಇನ್ನೂ ವರ್ಷ ಆಗಿರಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಪೇಟೆಯ ಒಂದು ಅಂಗಡಿಯಲ್ಲಿ ಚಕ್ರಗಳ ಕೋನ ಸರಿ ಮಾಡುವ ಕೆಲಸ, ಅಂದರೆ ಅಲೈನ್‌ಮೆಂಟ್ ಮಾಡಿಸಿದ್ದೆ. ಕಂಪ್ಯೂಟರ್, ಬಣ್ಣದ ಪರದೆ, ಎಲ್ಲ ಇತ್ತು. ಆಚೆ ಬಂದ ಮೇಲೆ ನೋಡಿದರೆ ಗಾಡಿ ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ವಾಲಿಕೊಂಡಿದೆ. ವಾಪಸ್ ಹೋಗಿ ಕೇಳಿದರೆ, "ರೋಡೇ ಹಂಗಿದೆ ಸಾರ್" ಅಂದರು. ನಮ್ಮ ಕೊಡಗಿನ ರೋಡಿನ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದು ನೋಡಿ, ಯಾರೂ ಇಲ್ಲ ಅನ್ನುವುದಿಲ್ಲ.

ಆವತ್ತಿನಿಂದ ನನ್ನ ಹಳೇ ಆಲ್ಟೊದ ಅಲೈನ್‌ಮೆಂಟ್ ನಾನೇ ಮಾಡಿಕೊಳ್ಳುತ್ತಿದ್ದೇನೆ. ಮಳೆಗಾಲದ ಗುಂಡಿಗಳ ಕಾಟ ಮುಗಿದು, ಕಾಫಿ ಕೊಯ್ಲು ಶುರುವಾಗುವ ಮುಂಚೆ, ಅಂದರೆ ಅಕ್ಟೋಬರ್-ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಸಾಕು. ಆಗ ಕಣ ಖಾಲಿ ಇರುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಅಲೈನ್‌ಮೆಂಟ್ ಜಾಗ ನಮ್ಮೂರಲ್ಲಿ ಬೇರೆ ಇಲ್ಲ.

ಮನೆಯಲ್ಲಿ ಆಗುವುದು ಯಾವುದು, ಆಗದ್ದು ಯಾವುದು

ಚಕ್ರದ ಕೋನಗಳು ಮೂರು. ಟೋ, ಕ್ಯಾಂಬರ್, ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಎರಡು ಮುಂದಿನ ಚಕ್ರಗಳು ಪಾದದ ಬೆರಳಿನ ಹಾಗೆ ಒಳಗೆ ಮುಖ ಮಾಡಿದ್ದರೆ ಟೋ ಇನ್. ಹೊರಗೆ ಮುಖ ಮಾಡಿದ್ದರೆ ಟೋ ಔಟ್. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೋ ಹೊರಗೋ ವಾಲಿದ್ದರೆ ಅದು ಕ್ಯಾಂಬರ್. ಚಕ್ರ ಯಾವ ಅಚ್ಚಿನ ಸುತ್ತ ತಿರುಗುತ್ತದೋ ಆ ಅಚ್ಚು ಹಿಂದಕ್ಕೆ ಎಷ್ಟು ವಾಲಿದೆ ಅನ್ನುವುದು ಕ್ಯಾಸ್ಟರ್.

ನಮ್ಮ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿ ಮಾಡಲು ಕಂಪನಿಯವರೇ ಬಿಟ್ಟಿರುವುದು ಹೆಚ್ಚಾಗಿ ಮುಂದಿನ ಟೋ ಒಂದನ್ನೇ. ಕ್ಯಾಂಬರ್ ಜಾಸ್ತಿ ಕೆಟ್ಟಿದ್ದರೆ ಏನೋ ಬಗ್ಗಿದೆ ಅಂತ ಅರ್ಥ. ಟೈರು ತಿನ್ನುವ ದೊಡ್ಡ ಕಳ್ಳನೂ ಟೋ ಅನ್ನುವವನೇ. ಹಾಗಾಗಿ ಮನೆಯಲ್ಲಿ ಟೋ ಸರಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ.

ಎಷ್ಟು ತಿನ್ನುತ್ತಾನೆ? ನನ್ನ ಗಾಡಿಯದು 12 ಇಂಚಿನ ರಿಮ್. ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ 33 ಸೆಂ.ಮೀ. ಒಂದು ಚಕ್ರ ರಿಮ್ಮಿನ ಅಂಚಿನಲ್ಲಿ 3 ಮಿ.ಮೀ. ಸೊಟ್ಟಗಿದ್ದರೆ, ಪ್ರತಿ ಮೀಟರಿಗೆ 9 ಮಿ.ಮೀ. ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ 9 ಮೀಟರ್. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್ ಇಳಿಯುವಷ್ಟರಲ್ಲಿ ಆ ಟೈರನ್ನು 270 ಮೀಟರ್ ಅಡ್ಡಡ್ಡ ಎಳೆದ ಲೆಕ್ಕ.

ಇಲ್ಲಿ ಒಂದು ಮಾತು. ಟೈರಿನ ಹೊರ ಅಂಚು ಸವೆದಿದೆ ಅಂದ ತಕ್ಷಣ ಟೋ ಕೆಟ್ಟಿದೆ ಅಂದುಕೊಳ್ಳಬೇಡಿ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಹತ್ತಿ ಇಳಿಯುವ ಗಾಡಿಗಳಲ್ಲಿ ತಿರುವಿನ ಹೊಡೆತಕ್ಕೇ ಮುಂದಿನ ಟೈರುಗಳ ಹೊರ ಭುಜ ಬೇಗ ಸವೆಯುತ್ತದೆ. ಗಾಳಿ ಕಮ್ಮಿ ಇದ್ದರಂತೂ ಇನ್ನೂ ಬೇಗ. ಕಣ್ಣಿಗಿಂತ ಅಂಗೈ ನಂಬಿ. ನಾನು ಸವರಿ ನೋಡಿದ ಹಾಗೆ ಒಳಗಿನಿಂದ ಹೊರಗೆ ಎಳೆದಾಗ ತರಚಿದರೆ ಟೋ ಇನ್ ಜಾಸ್ತಿ. ಹೊರಗಿನಿಂದ ಒಳಗೆ ಎಳೆದಾಗ ತರಚಿದರೆ ಟೋ ಔಟ್ ಜಾಸ್ತಿ. ಎರಡೂ ಕಡೆ ನುಣ್ಣಗಿದ್ದು ಬರೀ ಅಂಚು ಸವೆದಿದ್ದರೆ ಗಾಳಿ ನೋಡಿಕೊಳ್ಳಿ, ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡಿ.

ಇನ್ನೊಂದು ಗೊಂದಲ. ಬೈಲಕುಪ್ಪೆ ದಾಟಿ 80ರ ವೇಗಕ್ಕೆ ಹೋದಾಗ ಸ್ಟೇರಿಂಗ್ ಗಡಗಡ ಅಂದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ಸಮಸ್ಯೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲ. ಅದಕ್ಕೆ ಈ ದಾರ-ಸ್ಕೇಲು ಏನೂ ಮಾಡಲ್ಲ.

ಬೇಕಾದ ಸಾಮಾನು

ಮುಕ್ಕಾಲು ಇಂಚಿನ ಜಿಐ ಪೈಪು, ಆರಡಿ ಉದ್ದದ್ದು ಎರಡು. ತೋಟದ ಮನೆಯಲ್ಲಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ಗಾಳದ ನೈಲಾನ್ ದಾರ, 15 ಮೀಟರ್. ಅಂಚಿನಿಂದಲೇ ಸೊನ್ನೆ ಶುರುವಾಗುವ ಸ್ಟೀಲ್ ಸ್ಕೇಲು. ನಾಲ್ಕು ಸಿಮೆಂಟ್ ಬ್ಲಾಕು, ಎತ್ತರ ಸರಿ ಮಾಡಲು ಒಂದಷ್ಟು ಇಟ್ಟಿಗೆ. ಸ್ಪ್ಯಾನರ್ ಸೆಟ್, ತುಕ್ಕು ಬಿಡಿಸುವ ಎಣ್ಣೆ, ವೈರ್ ಬ್ರಷ್, ಮಕ್ಕಳ ವೈಟ್ನರ್. ನನಗೆ ಕೊಂಡು ತರಬೇಕಾಗಿ ಬಂದಿದ್ದು ದಾರ ಮತ್ತು ಸ್ಕೇಲು ಮಾತ್ರ.

ಎರಡೂ ಪೈಪನ್ನು ಒಟ್ಟಿಗೆ ಜೋಡಿಸಿ ಹಿಡಿದು, ಎರಡು ತುದಿಯ ಹತ್ತಿರ ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದು ಗೀರು ಹಾಕಿ. ನನ್ನ ಪೈಪಿನಲ್ಲಿ ಗೀರಿನಿಂದ ಗೀರಿಗೆ 1 ಮೀಟರ್ 70 ಸೆಂ.ಮೀ. ನಿಮ್ಮ ಗಾಡಿ ಅಗಲವಾಗಿದ್ದರೆ ಇನ್ನೂ ಉದ್ದದ ಪೈಪು ಬೇಕು. ಅಳತೆ ಎಷ್ಟು ಅನ್ನುವುದು ಮುಖ್ಯ ಅಲ್ಲ. ಎರಡೂ ಪೈಪಿನಲ್ಲಿ ಒಂದೇ ಇರಬೇಕು, ಅಷ್ಟೇ. ಅದಕ್ಕೇ ಒಟ್ಟಿಗೆ ಹಿಡಿದು ಗೀರು ಹಾಕಿ ಅಂದಿದ್ದು. ಬೇರೆ ಬೇರೆ ಅಳೆದು ಹಾಕಿದರೆ ತಪ್ಪು ಅಲ್ಲಿಂದಲೇ ಶುರು.

ದಾರ ಕಟ್ಟುವ ಮುಂಚೆ

ಬೆಳಗ್ಗೆ ಗಾಡಿ ತಣ್ಣಗಿದ್ದಾಗ ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ. ಎಷ್ಟು ಅಂತ ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಿರುತ್ತದೆ. ಡಿಕ್ಕಿಯಲ್ಲಿರುವ ಗೊಬ್ಬರದ ಚೀಲ, ಕತ್ತಿ, ಕಳೆ ಕೊಚ್ಚುವ ಮಿಷನ್ ಎಲ್ಲ ಇಳಿಸಿ. ಸ್ಟೆಪ್ನಿ ಅದರ ಜಾಗದಲ್ಲೇ ಇರಲಿ.

ಆಮೇಲೆ ಮುಂದಿನ ಚಕ್ರ ಒಂದೊಂದಾಗಿ ಜಾಕ್ ಕೊಟ್ಟು ಎತ್ತಿ, ಅಲ್ಲಾಡಿಸಿ ನೋಡಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳಿನ (ಟೈ ರಾಡ್) ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್ ಹೋಗಿರಬಹುದು. 12 ಮತ್ತು 6ರಲ್ಲಿ ಹಿಡಿದಾಗ ಆಟ ಕಂಡರೆ ಬಾಲ್ ಜಾಯಿಂಟೋ ಬೇರಿಂಗೋ. ಹೀಗಿದ್ದರೆ ಇಲ್ಲೇ ನಿಲ್ಲಿಸಿ. ಮೊದಲು ಆ ಸಾಮಾನು ಬದಲಾಯಿಸಿ. ಸಡಿಲ ಇರುವ ಚಕ್ರಕ್ಕೆ ಅಲೈನ್‌ಮೆಂಟ್ ಮಾಡುವುದು ಅಲ್ಲಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟು ತೂಗಿದ ಹಾಗೆ. ಅಂಗಡಿಯಲ್ಲೂ ಇದನ್ನು ನೋಡದೆ ನೇರ ಮಿಷನ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಕಣ ಸಮತಟ್ಟಾಗಿ ಕಾಣುತ್ತದೆ, ಆದರೆ ಮಳೆ ನೀರು ಹರಿಯಲಿ ಅಂತ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಟೋ ಅಳೆಯಲು ಅಷ್ಟು ಇಳಿಜಾರಿನಿಂದ ತೊಂದರೆ ಇಲ್ಲ. ಗುಂಡಿ, ಉಬ್ಬು ಇರದ ಜಾಗ ನೋಡಿ ನಿಲ್ಲಿಸಿದರೆ ಆಯಿತು.

ಗಾಡಿಯನ್ನು ನಾಲ್ಕೈದು ಮೀಟರ್ ಮುಂದಕ್ಕೆ ನಿಧಾನ ಉರುಳಿಸಿ ನಿಲ್ಲಿಸಿ. ಹಿಂದಕ್ಕೆ ಬಿಡಬೇಡಿ. ಬಾನೆಟ್ ಮೇಲೆ ಕೈ ಊರಿ ಎರಡು ಮೂರು ಸಲ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಈಗ ಸ್ಟೇರಿಂಗ್ ನೆಟ್ಟಗೆ ಇಟ್ಟು ಕಟ್ಟಬೇಕು. ಅಂಗಡಿಯಲ್ಲಿ ನನಗೆ ಮೋಸ ಆಗಿದ್ದು ಈ ಹೆಜ್ಜೆಯಲ್ಲಿ. ಎಡಕ್ಕೆ ಪೂರ್ತಿ ತಿರುಗಿಸಿ, ಅಲ್ಲಿಂದ ಬಲಕ್ಕೆ ಪೂರ್ತಿ ತಿರುಗಿಸುತ್ತಾ ಸುತ್ತು ಎಣಿಸಿ. ಅದರಲ್ಲಿ ಅರ್ಧಕ್ಕೆ ತಂದು ನಿಲ್ಲಿಸಿ. ಅಲ್ಲಿ ಸ್ಟೇರಿಂಗ್ ಚಕ್ರದ ಕಡ್ಡಿಗಳು ನೆಟ್ಟಗೆ ಕಾಣಬೇಕು. ಕಂಡರೆ ಒಂದು ಹಗ್ಗದಿಂದ ಸ್ಟೇರಿಂಗನ್ನು ಸೀಟಿಗೆ ಎರಡೂ ಕಡೆಯಿಂದ ಬಿಗಿದು ಕಟ್ಟಿ.

ದಾರದ ಚೌಕಟ್ಟು

ಒಂದು ಪೈಪು ಗಾಡಿಯ ಮುಂದೆ, ಇನ್ನೊಂದು ಹಿಂದೆ, ಅಡ್ಡಕ್ಕೆ. ಎರಡನ್ನೂ ಬ್ಲಾಕಿನ ಮೇಲೆ ಇಟ್ಟಿಗೆ ಪೇರಿಸಿ, ಚಕ್ರದ ನಡುಮಧ್ಯದ ಎತ್ತರಕ್ಕೆ ತನ್ನಿ. ಮುಂದಿನ ಪೈಪಿನ ಎಡ ಗೀರಿನಿಂದ ಹಿಂದಿನ ಪೈಪಿನ ಎಡ ಗೀರಿಗೆ ದಾರ. ಬಲಗಡೆಗೂ ಹಾಗೇ. ಮುಂದೆ ಗಂಟು ಹಾಕಿ, ಹಿಂದೆ ಗೀರಿನ ಮೇಲಿಂದ ಇಳಿಬಿಟ್ಟು ಒಂದು ಕಲ್ಲು ಕಟ್ಟಿ. ದಾರ ತಂತಿಯ ಹಾಗೆ ಬಿಗಿಯಾಗಿರುತ್ತದೆ. ಗೀರುಗಳ ಅಂತರ ಒಂದೇ ಆದ್ದರಿಂದ ಎರಡು ದಾರಗಳು ತಾವಾಗೇ ಒಂದಕ್ಕೊಂದು ಸಮಾನಾಂತರ.

ಇನ್ನು ಈ ಚೌಕಟ್ಟನ್ನು ಗಾಡಿಯ ನಡುವಿಗೆ ಸರಿ ಹೊಂದಿಸಬೇಕು. ಮುಂದಿನ ಎಡ ಚಕ್ರದ ನಡುಮಧ್ಯದಿಂದ ದಾರಕ್ಕೆ ಎಷ್ಟು, ಬಲ ಚಕ್ರದಿಂದ ಎಷ್ಟು ಅಳೆಯಿರಿ. ಎರಡೂ ಒಂದೇ ಆಗುವ ತನಕ ಮುಂದಿನ ಪೈಪನ್ನು ಅತ್ತಿತ್ತ ಸರಿಸಿ. ಹಿಂದೆಯೂ ಹಾಗೇ. ಮತ್ತೆ ಮುಂದೆ ನೋಡಿ, ಅದು ಸ್ವಲ್ಪ ಜರುಗಿರುತ್ತದೆ. ಮತ್ತೆ ಹಿಂದೆ. ನಾಲ್ಕೈದು ಸಲ ಓಡಾಡಬೇಕಾಗುತ್ತದೆ. ಮುಂದಿನ ಅಳತೆಯೂ ಹಿಂದಿನ ಅಳತೆಯೂ ಒಂದೇ ಇರಬೇಕಾಗಿಲ್ಲ. ಎಷ್ಟೋ ಕಾರುಗಳಲ್ಲಿ ಮುಂದಿನ ಚಕ್ರಗಳ ಅಂತರ ಒಂದು, ಹಿಂದಿನದು ಇನ್ನೊಂದು. ಎಡ-ಬಲ ಸಮ ಇದ್ದರೆ ಸಾಕು.

ಮೊದಲ ಸಲ ನನಗೆ ಇದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಪಕ್ಕದ ತೋಟದ ಅಣ್ಣ ಬೇಲಿಯ ಆಚೆಯಿಂದ ನೋಡುತ್ತಾ, "ಏನೋ ಮಾರಾಯ, ಕಾರಿಗೆ ಮಂಟಪ ಕಟ್ತಿದ್ದೀಯಾ?" ಅಂದರು. ಆಮೇಲೆ ಅವರೇ ಬಂದು ಒಂದು ತುದಿ ಹಿಡಿದರು. ಇಬ್ಬರಿದ್ದರೆ ಕೆಲಸ ಅರ್ಧಕ್ಕರ್ಧ ಬೇಗ.

ದಾರ ಕಟ್ಟಿದ ಮೇಲೆ ಗಾಡಿಗೆ ಒರಗಬೇಡಿ, ಬಾಗಿಲು ತೆಗೆಯಬೇಡಿ, ನಾಯಿಯನ್ನು ಕಟ್ಟಿಹಾಕಿ. ಕೊನೆಯದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಅಳತೆ, ಮತ್ತು ಅದನ್ನು ಓದುವ ಬಗೆ

ಸ್ಕೇಲಿನ ತುದಿಯನ್ನು ರಿಮ್ಮಿನ ಮುಂದಿನ ಅಂಚಿಗೆ ತಾಗಿಸಿ, ದಾರ ಎಷ್ಟರ ಮೇಲಿದೆ ಓದಿ. ಸ್ಕೇಲು ದಾರಕ್ಕೆ ತಾಗಬಾರದು. ಕಣ್ಣು ದಾರಕ್ಕೆ ನೇರ ಮೇಲೆ ಇರಲಿ, ಓರೆಯಿಂದ ನೋಡಿದರೆ ಒಂದು ಮಿಲಿಮೀಟರ್ ಆರಾಮಾಗಿ ತಪ್ಪುತ್ತದೆ. ಆಮೇಲೆ ಅದೇ ರಿಮ್ಮಿನ ಹಿಂದಿನ ಅಂಚು. ಮುಂದಿನ ಅಳತೆ ಜಾಸ್ತಿ ಇದ್ದರೆ ಟೋ ಇನ್, ಕಮ್ಮಿ ಇದ್ದರೆ ಟೋ ಔಟ್.

ಆವತ್ತು ನನಗೆ ಸಿಕ್ಕಿದ್ದು ಹೀಗೆ. ಎಡ ಚಕ್ರ: ಮುಂದೆ 155, ಹಿಂದೆ 150. ಅಂದರೆ 5 ಮಿ.ಮೀ. ಟೋ ಇನ್. ಬಲ ಚಕ್ರ: ಮುಂದೆ 151, ಹಿಂದೆ 150. 1 ಮಿ.ಮೀ. ಟೋ ಇನ್. ಒಟ್ಟು 6.

ಈ ಎರಡು ಅಂಕಿಯಲ್ಲಿ ನನ್ನ ಗಾಡಿಯ ಪೂರ್ತಿ ಜಾತಕ ಇತ್ತು. ಸ್ಟೇರಿಂಗ್ ನೆಟ್ಟಗಿಟ್ಟರೆ ಎಡ ಚಕ್ರ ಬಲಕ್ಕೆ 5 ಎಳೆಯುತ್ತದೆ, ಬಲ ಚಕ್ರ ಎಡಕ್ಕೆ 1 ಮಾತ್ರ. ಗಾಡಿ ಬಲಕ್ಕೆ ಹೋಗುತ್ತದೆ. ನಾನು ಅದನ್ನು ನೆಟ್ಟಗೆ ಮಾಡಲು ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಹಿಡಿಯುತ್ತೇನೆ. ಆಗ ಎರಡೂ ಚಕ್ರ 3-3 ಹಂಚಿಕೊಂಡು ಎರಡೂ ಟೈರು ಸಮನಾಗಿ ತರಚಿಕೊಳ್ಳುತ್ತವೆ. ರೋಡಿನ ತಪ್ಪು ಏನೂ ಇರಲಿಲ್ಲ.

ರಿಮ್ಮೇ ಬಗ್ಗಿದ್ದರೆ? ನಮ್ಮ ಗುಂಡಿಗಳಲ್ಲಿ ಸ್ಟೀಲ್ ರಿಮ್ ಬಗ್ಗದೆ ಉಳಿದರೆ ಆಶ್ಚರ್ಯ. ಒಮ್ಮೆ ಅಳೆದು, ಗಾಡಿಯನ್ನು ಚಕ್ರ ಅರ್ಧ ಸುತ್ತು ಉರುಳುವಷ್ಟು ಮುಂದೆ ತಂದು, ಚೌಕಟ್ಟು ಮತ್ತೆ ಹೊಂದಿಸಿ ಇನ್ನೊಮ್ಮೆ ಅಳೆಯಿರಿ. ಎರಡರ ಸರಾಸರಿ ಹಿಡಿಯಿರಿ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಹಿಂದಿನ ಚಕ್ರಗಳನ್ನೂ ಇದೇ ಥರ ಅಳೆದುಬಿಡಿ. ಸಣ್ಣ ಕಾರುಗಳಲ್ಲಿ ಅಲ್ಲಿ ತಿರುಗಿಸುವುದಕ್ಕೆ ಏನೂ ಇರುವುದಿಲ್ಲ. ಆದರೆ ಒಂದು ಹಿಂದಿನ ಚಕ್ರ ತುಂಬಾ ಟೋ ಇನ್, ಇನ್ನೊಂದು ಅಷ್ಟೇ ಟೋ ಔಟ್ ಇದ್ದರೆ ಹಿಂದಿನ ಆಕ್ಸಲ್ಲೇ ಓರೆಯಾಗಿದೆ. ಗಾಡಿ ಏಡಿಯ ಹಾಗೆ ಓರೆ ನಡೆಯುತ್ತದೆ. ಅದು ಮನೆಯಲ್ಲಿ ಆಗುವ ರಿಪೇರಿ ಅಲ್ಲ.

ತಿರುಗಿಸುವುದು

ನಿಮ್ಮ ಗಾಡಿಗೆ ಎಷ್ಟು ಟೋ ಇರಬೇಕು ಅನ್ನುವುದನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಇಲ್ಲದಿದ್ದರೆ ಹಿಂದೆ ಅಂಗಡಿಯಲ್ಲಿ ಮಾಡಿಸಿದಾಗ ಕೊಟ್ಟ ಪ್ರಿಂಟ್‌ನಲ್ಲಿ ಇರುತ್ತದೆ. ನಾನು ನನ್ನ ಗಾಡಿಗೆ ಒಟ್ಟು ಸೊನ್ನೆಯಿಂದ 1 ಮಿ.ಮೀ. ಟೋ ಇನ್ ಒಳಗೆ ಇಟ್ಟುಕೊಳ್ಳುತ್ತೇನೆ. ಪ್ರಿಂಟ್‌ನಲ್ಲಿ ಡಿಗ್ರಿ, ಮಿನಿಟು ಅಂತ ಇದ್ದರೆ ಗಾಬರಿ ಬೇಡ. 12 ಇಂಚಿನ ರಿಮ್ಮಿಗೆ 1 ಮಿ.ಮೀ. ಅಂದರೆ ಹತ್ತಿರ ಹತ್ತಿರ 0.17 ಡಿಗ್ರಿ, ಅಂದರೆ 10 ಮಿನಿಟು. ರಿಮ್ ದೊಡ್ಡದಾದಷ್ಟೂ ಒಂದು ಮಿಲಿಮೀಟರಿನ ಡಿಗ್ರಿ ಕಮ್ಮಿ ಆಗುತ್ತದೆ.

ಹಿಂದಿನ ದಿನ ಸಂಜೆಯೇ ಟೈ ರಾಡ್‌ನ ಲಾಕ್ ನಟ್ಟಿಗೆ ವೈರ್ ಬ್ರಷ್ ಹಾಕಿ, ಎಣ್ಣೆ ಬಿಟ್ಟು ಇಟ್ಟಿರಿ. ನಮ್ಮ ಮಳೆಗೆ ತುಕ್ಕು ಹಿಡಿಯದ ನಟ್ಟೇ ಇಲ್ಲ. ಈ ನಟ್ಟು ಚಕ್ರದ ಹಿಂಬದಿಯಲ್ಲಿ, ಟೈ ರಾಡ್ ಹೋಗಿ ಟೈ ರಾಡ್ ಎಂಡ್‌ಗೆ ಸೇರುವ ಜಾಗದಲ್ಲಿದೆ. ಸ್ಟೇರಿಂಗಿಗೆ ಕಟ್ಟಿದ ಹಗ್ಗ ಬಿಚ್ಚಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿದರೆ ಕೈಗೆ ಸಿಗುತ್ತದೆ. ಗಾಡಿ ಎತ್ತಲೇಬೇಕಾದರೆ ಜಾಕ್ ಒಂದನ್ನೇ ನಂಬಿ ಕೈ-ತಲೆ ಒಳಗೆ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಕೊಡಿ, ಜೊತೆಗೆ ಸ್ಟೆಪ್ನಿಯನ್ನು ಗಾಡಿಯ ಅಡಿ ಮಲಗಿಸಿ. ದಾರಕ್ಕೆ ಬಳಸಿದ ಸಿಮೆಂಟ್ ಬ್ಲಾಕನ್ನು ಗಾಡಿಗೆ ಆನಿಸಬೇಡಿ, ಅದು ಹೇಳದೆ ಕೇಳದೆ ಒಡೆಯುತ್ತದೆ.

ಮೊದಲು ಈಗಿರುವ ಸ್ಥಿತಿಗೆ ವೈಟ್ನರಿನಿಂದ ಒಂದು ಗೆರೆ ಎಳೆಯಿರಿ, ನಟ್ಟು ಮತ್ತು ರಾಡು ಎರಡರ ಮೇಲೂ ಬರುವ ಹಾಗೆ. ಎಷ್ಟು ತಿರುಗಿಸಿದಿರಿ ಅಂತ ಗೊತ್ತಾಗುತ್ತದೆ, ಏನಾದರೂ ಎಡವಟ್ಟಾದರೆ ಮೊದಲಿನ ಜಾಗಕ್ಕೆ ಬರಬಹುದು. ಟೈ ರಾಡ್ ಎಂಡನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಲಾಕ್ ನಟ್ಟನ್ನು ಸಡಿಲ ಮಾಡಿ. ಒಳಗಡೆ ಧೂಳು ಹೋಗದಂತೆ ರಾಡಿಗೆ ತೊಡಿಸಿರುವ ರಬ್ಬರ್ ಬೂಟಿನ ಕ್ಲಿಪ್ಪನ್ನೂ ಸಡಿಲಿಸಿ, ಇಲ್ಲದಿದ್ದರೆ ರಾಡಿನ ಜೊತೆ ಬೂಟೂ ತಿರುಚಿಕೊಂಡು ಹರಿಯುತ್ತದೆ.

ಇನ್ನು ರಾಡನ್ನು ತಿರುಗಿಸಿದರೆ ಅದು ಉದ್ದವೋ ಗಿಡ್ಡವೋ ಆಗುತ್ತದೆ. ಯಾವ ಕಡೆ ತಿರುಗಿಸಬೇಕು? ಬಗ್ಗಿ ನೋಡಿ. ಸ್ಟೇರಿಂಗ್ ರ‍್ಯಾಕ್ (ಎರಡೂ ಟೈ ರಾಡ್ ಬಂದು ಕೂಡುವ ಅಡ್ಡ ಪೆಟ್ಟಿಗೆ) ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದೆ ಇದ್ದರೆ, ರಾಡ್ ಉದ್ದವಾದಾಗ ಚಕ್ರದ ಹಿಂಭಾಗ ಹೊರಗೆ ತಳ್ಳಿಕೊಳ್ಳುತ್ತದೆ. ಟೋ ಇನ್ ಹೆಚ್ಚುತ್ತದೆ. ಗಿಡ್ಡವಾದರೆ ಕಮ್ಮಿಯಾಗುತ್ತದೆ. ರ‍್ಯಾಕ್ ಅಚ್ಚಿಗಿಂತ ಮುಂದೆ ಇದ್ದರೆ ಎಲ್ಲ ಉಲ್ಟಾ. ನಾನು ಮೊದಲ ಸಲ ಎಡ ಚಕ್ರವನ್ನು ತಪ್ಪು ಕಡೆಗೆ ಒಂದು ಪೂರ್ತಿ ಸುತ್ತು ತಿರುಗಿಸಿ, 5 ಇದ್ದದ್ದನ್ನು 9 ಮಾಡಿಟ್ಟಿದ್ದೆ. ವೈಟ್ನರ್ ಗೆರೆ ಇಲ್ಲದಿದ್ದರೆ ಆವತ್ತು ಗಾಡಿ ಕಣದಲ್ಲೇ ಉಳಿಯುತ್ತಿತ್ತು.

ನನ್ನ ಗಾಡಿಯಲ್ಲಿ ಕಾಲು ಸುತ್ತಿಗೆ ಒಂದು ಮಿಲಿಮೀಟರ್ ಆಸುಪಾಸು ಬದಲಾಗುತ್ತದೆ. ನಿಮ್ಮದರಲ್ಲಿ ಬೇರೆ ಇರಬಹುದು. ಅದಕ್ಕೇ ಮೊದಲು ಕಾಲು ಸುತ್ತು ಮಾತ್ರ ತಿರುಗಿಸಿ, ಅಳೆದು, ಲೆಕ್ಕ ಹಿಡಿದುಕೊಳ್ಳಿ. ಎಡ-ಬಲ ಎರಡನ್ನೂ ಒಂದೇ ಅಂಕಿಗೆ ತನ್ನಿ. ಒಟ್ಟು ಸರಿಯಾಯಿತು ಅಂತ ಒಂದೇ ಕಡೆ ತಿರುಗಿಸಿದರೆ ಸ್ಟೇರಿಂಗ್ ಮತ್ತೆ ವಾಲುತ್ತದೆ.

ಪ್ರತಿ ಸಲ ತಿರುಗಿಸಿದ ಮೇಲೆ ಸ್ಟೇರಿಂಗ್ ನೆಟ್ಟಗೆ ಮಾಡಿ, ದಾರ-ಪೈಪು ಪಕ್ಕಕ್ಕಿಟ್ಟು, ಗಾಡಿಯನ್ನು ಹಿಂದೆ ಒಯ್ದು ಮತ್ತೆ ನಾಲ್ಕು ಮೀಟರ್ ಮುಂದೆ ಉರುಳಿಸಿ, ಸ್ಟೇರಿಂಗ್ ಕಟ್ಟಿ, ಚೌಕಟ್ಟು ಮತ್ತೆ ಹೊಂದಿಸಿ, ಆಮೇಲೆ ಅಳೆಯಿರಿ. ಉರುಳಿಸದಿದ್ದರೆ ಟೈರು ನೆಲ ಕಚ್ಚಿ ಹಿಡಿದುಕೊಂಡು ಸುಳ್ಳು ಅಳತೆ ಕೊಡುತ್ತದೆ. ಒಟ್ಟು ಮೂರು ಅಥವಾ ನಾಲ್ಕು ಸುತ್ತಿನ ಓಡಾಟ. ನಡುವೆ ಒಂದು ಕಾಫಿ ಕುಡಿಯಿರಿ, ಅವಸರಕ್ಕೆ ಬಿದ್ದರೆ ಅಂಕಿ ತಪ್ಪಿ ಬರೆಯುತ್ತೀರಿ.

ಕೊನೆಗೆ ಲಾಕ್ ನಟ್ಟುಗಳನ್ನು ಬಿಗಿ ಮಾಡಿ. ಮರೆತರೆ ರಾಡ್ ತಾನಾಗೇ ತಿರುಗುತ್ತಾ ಹೋಗುತ್ತದೆ, ಘಾಟಿಯಲ್ಲಿ ಅದರ ಗತಿ ಯೋಚಿಸಿ. ಬಿಗಿ ಮಾಡುವಾಗಲೂ ಟೈ ರಾಡ್ ಎಂಡನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದಿರಿ. ಬೂಟಿನ ಕ್ಲಿಪ್ ವಾಪಸ್ ಹಾಕಿ. ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅರ್ಧ ಮಿಲಿಮೀಟರ್ ಜರುಗುವುದುಂಟು.

ಕ್ಯಾಂಬರ್ ನೋಡುವುದಾದರೆ

ಇದು ನೋಡುವುದಕ್ಕಷ್ಟೇ. ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ತಾಗುವ ಹಾಗೆ ಒಂದು ನೆಟ್ಟನೆ ಪಟ್ಟಿ ನಿಲ್ಲಿಸಿ, ಅದಕ್ಕೆ ಫೋನ್ ಒರಗಿಸಿ ಲೆವೆಲ್ ಆ್ಯಪ್‌ನಲ್ಲಿ ಡಿಗ್ರಿ ಓದಿ. ಕಣದ ಇಳಿಜಾರು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ಉಪಾಯ: ಅಳೆದ ಮೇಲೆ ಗಾಡಿಯನ್ನು ತಿರುಗಿಸಿ, ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೆ ಅಳೆಯಿರಿ. ಪ್ರತಿ ಚಕ್ರದ ಎರಡು ಅಳತೆಯ ಸರಾಸರಿಯಲ್ಲಿ ನೆಲದ ಓರೆ ಹೊಡೆದುಹೋಗುತ್ತದೆ. ಎಡಕ್ಕೂ ಬಲಕ್ಕೂ ಒಂದು ಡಿಗ್ರಿ ವ್ಯತ್ಯಾಸ ಕಂಡರೆ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ.

ಹಳೇ ಜೀಪ್ ಇದ್ದವರಿಗೆ

ಪಕ್ಕದ ತೋಟದ ಅಣ್ಣನದು ಲೀಫ್ ಸ್ಪ್ರಿಂಗ್ ಇರುವ ಹಳೇ ಜೀಪ್. ಮುಂದೆ ಒಂದೇ ಗಟ್ಟಿ ಆಕ್ಸಲ್, ಎರಡೂ ಚಕ್ರ ಕೂಡಿಸುವ ಒಂದೇ ಟೈ ರಾಡ್. ಅವರಿಗೆ ದಾರವೂ ಬೇಡ. ಎರಡೂ ಟೈರಿನ ಹಿಂಬದಿಯಲ್ಲಿ, ಆಕ್ಸಲ್ ಎತ್ತರಕ್ಕೆ, ನಡುವಿನಲ್ಲಿ ಚಾಕ್‌ನಿಂದ ಗುರುತು ಹಾಕಿ ಎರಡರ ನಡುವಿನ ಅಂತರ ಅಳೆಯಿರಿ. ಗಾಡಿ ಮುಂದೆ ತಳ್ಳಿ, ಅದೇ ಗುರುತುಗಳು ಮುಂಬದಿಗೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಮುಂದಿನ ಅಂತರ ಕಮ್ಮಿ ಇದ್ದರೆ ಟೋ ಇನ್. ಒಂದೇ ಗುರುತನ್ನು ಎರಡು ಸಲ ಅಳೆಯುವುದರಿಂದ ರಿಮ್ ಬಗ್ಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ಯಾರು ಮಾಡಬಾರದು

ರೋಡಿನ ಗೆರೆ ನೋಡಿ ತಾನೇ ಸ್ಟೇರಿಂಗ್ ತಿರುಗಿಸುವ ಕ್ಯಾಮೆರಾ ಇರುವ ಹೊಸ ಕಾರುಗಳಿಗೆ ಈ ದಾರದ ಕೆಲಸ ಬೇಡ. ಅಲೈನ್‌ಮೆಂಟ್ ಆದ ಮೇಲೆ ಅವುಗಳ ಸೆನ್ಸರ್‌ಗಳನ್ನು ಮಿಷನ್‌ನಲ್ಲೇ ಹೊಂದಿಸಬೇಕಾಗಬಹುದು. ಚರಂಡಿಗೆ ಬಿದ್ದ, ಕಲ್ಲಿಗೆ ಜೋರಾಗಿ ಹೊಡೆದ ಗಾಡಿಗೂ ಬೇಡ.

ಓಡಿಸಿ ನೋಡುವುದು

ಕೊಡಗಿನಲ್ಲಿ ಅರ್ಧ ಕಿಲೋಮೀಟರ್ ನೆಟ್ಟನೆ, ಸಮತಟ್ಟಾದ ರೋಡು ಹುಡುಕುವುದು ಅಲೈನ್‌ಮೆಂಟ್ ಮಾಡುವುದಕ್ಕಿಂತ ಕಷ್ಟ. ನಾನು ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ಹೋಗುತ್ತೇನೆ, ಬೆಳಗ್ಗೆ ಬೇಗ, ಗಾಡಿ ಕಮ್ಮಿ ಇರುವಾಗ. ಮೊದಲ ಕೆಲವು ಕಿಲೋಮೀಟರ್ ನಿಧಾನ. ಸ್ಟೇರಿಂಗ್ ನೆಟ್ಟಗಿದೆಯಾ, ತಿರುವಿನ ಮೇಲೆ ತಾನಾಗೇ ವಾಪಸ್ ಬರುತ್ತದಾ ನೋಡಿ. ನೀರು ಹರಿಯಲೆಂದು ರೋಡನ್ನು ಅಂಚಿಗೆ ಇಳಿಸಿರುತ್ತಾರೆ, ಹಾಗಾಗಿ ಸ್ವಲ್ಪ ಎಡಕ್ಕೆ ಎಳೆಯುವುದು ಸಹಜ. ಜೋರಾಗಿ ಒಂದೇ ಕಡೆ ಎಳೆದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ನೋಡಿ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಮಾತ್ರ ಹಾಗೆ ಮಾಡಬಾರದು. ಎಳೆತ ಇನ್ನೊಂದು ಕಡೆಗೆ ಹೋಯಿತು ಅಂದರೆ ತಪ್ಪು ಟೈರಿನದು, ನಿಮ್ಮದಲ್ಲ.

ಅಂಕಿಗಳನ್ನು ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಒಳಗೆ ಹಾಕಿಡಿ. ಒಂದು ವಾರ ಓಡಿಸಿದ ಮೇಲೆ ಬಗ್ಗಿ, ಲಾಕ್ ನಟ್ಟಿನ ಮೇಲೆ ಹೊಸದಾಗಿ ಎಳೆದ ವೈಟ್ನರ್ ಗೆರೆ ಕೂಡಿಕೊಂಡೇ ಇದೆಯಾ ಒಮ್ಮೆ ನೋಡಿಬಿಡಿ.

ಹಾಂ, ಕಣ. ಎಣ್ಣೆ, ಗ್ರೀಸ್ ಏನಾದರೂ ತೊಟ್ಟಿಕ್ಕಿದ್ದರೆ ಆವತ್ತೇ ಮರದ ಪುಡಿ ಉದುರಿಸಿ, ಗುಡಿಸಿ, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯಿರಿ. ಕಾಫಿ ಪಕ್ಕದಲ್ಲಿರುವ ಯಾವ ವಾಸನೆಯನ್ನೂ ಬಿಡದೆ ಹೀರಿಕೊಳ್ಳುತ್ತದೆ. ನಾನು ಮೊದಲ ವರ್ಷ ನಾಳೆ ತೊಳೆದರಾಯಿತು ಅಂತ ಬಿಟ್ಟಿದ್ದೆ. ಆ ಮೂಲೆಯಲ್ಲಿ ಆ ಸಲ ಕಾಫಿ ಹರಡಲು ಅಮ್ಮ ಬಿಡಲೇ ಇಲ್ಲ.